ಪಾಯ ತೋಡುವ ಮುಂಚೆ ಕಾಗದ ಕೇಳಿ

ಭತ್ತದ ದುಡ್ಡು ಕೈಗೆ ಬಂತೆಂದರೆ ಸಾಕು, ಸಿಂಧನೂರಿನ ಓಣಿ ಓಣಿಗಳಲ್ಲಿ ಇಟ್ಟಿಗೆ, ಜಲ್ಲಿಯ ಟ್ರ್ಯಾಕ್ಟರುಗಳು ತಿರುಗಲು ಶುರು. ಮಸ್ಕಿ, ಲಿಂಗಸುಗೂರಿನಲ್ಲೂ ಅಷ್ಟೇ. ಸ್ವಂತ ಮನೆ ಎಂದರೆ ಯಾರಿಗೆ ಬೇಡ ಹೇಳಿ? ಅಡುಗೆ ಮನೆ ಕಟ್ಟೆಗೆ ಕರಿ ಗ್ರಾನೈಟೋ ಕೆಂಪೋ, ದೇವರ ಮನೆ ಬಾಗಿಲು ಯಾವ ದಿಕ್ಕಿಗೆ, ಹಾಲ್‌ಗೆ ಎಂಥ ಟೈಲ್ಸ್... ಇದನ್ನೆಲ್ಲ ನಾವು ಹೆಂಗಸರು ತಿಂಗಳುಗಟ್ಟಲೆ ಯೋಚಿಸುತ್ತೇವೆ. ಆದರೆ ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡು, ‘ನಿಮ್ಮ ಆಳು ಮೇಲಿಂದ ಬಿದ್ದರೆ ಯಾರು ನೋಡಿಕೊಳ್ಳೋದು?’ ಎಂದು ಎಂದಾದರೂ ಕೇಳಿದ್ದೀರಾ?

ನಮ್ಮ ಓಣಿಯ ಅಕ್ಕ ಒಬ್ಬರು ಕೇಳಿರಲಿಲ್ಲ. ಚದರಡಿಗೆ ಇಷ್ಟು ಎಂದು ಬಾಯಿಮಾತಿನಲ್ಲೇ ಗುತ್ತಿಗೆ ಕೊಟ್ಟಿದ್ದರು. ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚುವಾಗ ಒಬ್ಬ ಹುಡುಗ ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ರಾಯಚೂರಿನ ಆಸ್ಪತ್ರೆಗೆ ಸೇರಿಸಿದ ಎರಡನೇ ದಿನಕ್ಕೆ ಮೇಸ್ತ್ರಿಯ ಫೋನು ಸ್ವಿಚ್ ಆಫ್. ಮೂರನೇ ದಿನ ಹುಡುಗನ ಹೆಂಡತಿ ಎರಡು ಮಕ್ಕಳನ್ನು ಕರೆದುಕೊಂಡು ಬಂದು ಇವರ ಬಾಗಿಲಲ್ಲಿ ಕೂತಳು. ‘ಅಕ್ಕಾರ, ನಿಮ್ಮ ಮನಿ ಮ್ಯಾಲಿಂದ ಬಿದ್ದಾನ್ರೀ. ನಿಮ್ಮನ್ನ ಬಿಟ್ಟು ನಾ ಯಾರನ್ನ ಕೇಳ್ಲಿ?’

ಅವಳ ಪ್ರಶ್ನೆಯಲ್ಲಿ ತಪ್ಪೇನಿತ್ತು? ಅಕ್ಕ ಎರಡು ಬಳೆ ಅಡವಿಟ್ಟು ಆಸ್ಪತ್ರೆ ಬಿಲ್ಲು ಕಟ್ಟಿದರು. ‘ಗುತ್ತಿಗೆ ಕೊಟ್ಟ ಮೇಲೆ ನಂದೇನು ಇರಲ್ಲ ಅಂದ್ಕೊಂಡಿದ್ದೆ’ ಎಂದು ಈಗಲೂ ಹೇಳುತ್ತಾರೆ. ಗುತ್ತಿಗೆ ಕೊಟ್ಟಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ, ವಿಮೆಯಂತೂ ದೂರದ ಮಾತು.

ನಮ್ಮ ಕಡೆ ಸೈಟನ್ನು ಮನೆಯೊಡತಿಯ ಹೆಸರಿಗೆ ರಿಜಿಸ್ಟರ್ ಮಾಡಿಸುವುದು ಈಗ ಸಾಮಾನ್ಯ. ಸಂತೋಷವೇ. ಆದರೆ ಸೈಟು ನಿಮ್ಮ ಹೆಸರಿಗಿದ್ದರೆ ಕಟ್ಟಡ ಪರವಾನಗಿ ನಿಮ್ಮ ಹೆಸರಿಗೆ ಬರುತ್ತದೆ, ನೋಟಿಸು ಬಂದರೆ ಅದೂ ನಿಮ್ಮ ಹೆಸರಿಗೇ. ಸಹಿ ನಿಮ್ಮದಾದ ಮೇಲೆ, ‘ಅದೆಲ್ಲ ನಮ್ಮನೆಯವರಿಗೆ ಗೊತ್ತು’ ಎಂದು ಸುಮ್ಮನಿದ್ದರೆ ಆಗುವುದಿಲ್ಲ.

ಬೋರ್ಡು ನೋಡಿ ಮರುಳಾಗಬೇಡಿ

‘ಕ್ಲಾಸ್ ಒನ್ ಕಾಂಟ್ರಾಕ್ಟರ್’ ಎಂಬ ಬೋರ್ಡು ನೋಡಿದ ಕೂಡಲೇ ನಮಗೆ ಒಂದು ಧೈರ್ಯ. ಆ ಕ್ಲಾಸು ಲೋಕೋಪಯೋಗಿ ಇಲಾಖೆ ಕೊಡುವುದು. ಎಷ್ಟು ಮೊತ್ತದ ಸರ್ಕಾರಿ ಕೆಲಸದ ಟೆಂಡರಿಗೆ ಅವರು ಹೋಗಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ನಿಮ್ಮ ಮೂವತ್ತು–ನಲವತ್ತು ಸೈಟಿನ ಮನೆಯನ್ನು ಅವರು ನೆಟ್ಟಗೆ ಕಟ್ಟುತ್ತಾರೆ ಎಂಬ ಸರ್ಟಿಫಿಕೇಟು ಅದಲ್ಲ. ಜಿಎಸ್‌ಟಿ ನಂಬರ್ ಇದ್ದರೆ ತೆರಿಗೆಗೆ ನೋಂದಣಿ ಆಗಿದೆ ಎಂದರ್ಥ, ಅಷ್ಟೇ.

ಅಮೆರಿಕದ ಸಮುದ್ರ ದಂಡೆಯ ಕ್ಯಾಲಿಫೋರ್ನಿಯಾದಲ್ಲಿ ಮಗಳೋ ಸೊಸೆಯೋ ಇದ್ದವರು ಅವರನ್ನೇ ಕೇಳಿ ನೋಡಿ. ಅಲ್ಲಿ ಸಾವಿರ ಡಾಲರ್ ಮೀರಿದ ಕೆಲಸ ಹಿಡಿಯುವ ಗುತ್ತಿಗೆದಾರನಿಗೆ ರಾಜ್ಯ ಮಂಡಳಿಯ ಲೈಸೆನ್ಸ್ ಬೇಕು. 2023ರಿಂದ 25,000 ಡಾಲರಿನ ಭದ್ರತಾ ಬಾಂಡ್ ಬೇರೆ. ಲೈಸೆನ್ಸ್ ನಂಬರ್ ಒತ್ತಿದರೆ ಅವನಿಗೆ ಕಾರ್ಮಿಕ ವಿಮೆ ಇದೆಯೋ ಇಲ್ಲವೋ ಮನೆಯಲ್ಲಿ ಕುಳಿತೇ ನೋಡಬಹುದು. ನಮ್ಮಲ್ಲಿ ಖಾಸಗಿ ಮನೆ ಕಟ್ಟುವ ಮೇಸ್ತ್ರಿಗೆ ಅಂಥ ಒಂದು ಲೈಸೆನ್ಸೇ ಇಲ್ಲ. ಅಲ್ಲಿ ಮಂಡಳಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ನೀವೇ ಕೇಳಬೇಕು. ಅವರು ಕಟ್ಟಿದ ಎರಡು ಮನೆಗಳಿಗೆ ಹೋಗಿ, ಗಂಡಸರ ಜತೆ ಅಲ್ಲ, ಆ ಮನೆಯ ಹೆಂಗಸರ ಜತೆ ಮಾತಾಡಿ. ಒಂದು ಮಳೆಗಾಲ ಕಳೆದ ಮನೆಯಾಗಿರಲಿ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪಾಯ ಸರಿಯಿಲ್ಲದಿದ್ದರೆ ಗೋಡೆಯನ್ನೂ ಬಿರಿಸುತ್ತದೆ.

ಒಂದು ಕೆಲಸಕ್ಕೆ ಮಾತ್ರ ನಮ್ಮಲ್ಲೂ ಖಡಾಖಂಡಿತ ಲೈಸೆನ್ಸ್ ಬೇಕು: ಕರೆಂಟಿನ ಕೆಲಸಕ್ಕೆ. ಜೆಸ್ಕಾಂ ಸಂಪರ್ಕಕ್ಕೆ ಅರ್ಜಿ ಹಾಕುವಾಗ ವೈರಿಂಗ್ ಕಾಗದಕ್ಕೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನ ಸಹಿ ಕೇಳುತ್ತಾರೆ. ‘ಯಾರೋ ಹುಡುಗ ವೈರ್ ಎಳೀತಾನೆ, ಸಹಿ ಬೇರೆಯವರ ಹತ್ರ ಹಾಕಿಸಿಕೊಂಡ್ರಾಯ್ತು’ ಎಂಬ ಮಾತಿಗೆ ಒಪ್ಪಬೇಡಿ. ಬಚ್ಚಲಲ್ಲಿ ಗೀಜರ್ ಹಾಕಿಕೊಂಡು ಒದ್ದೆ ಕಾಲಲ್ಲಿ ನಿಲ್ಲುವವರು ನೀವು ಮತ್ತು ಮಕ್ಕಳು. ಇನ್ನೊಂದು, ಕಟ್ಟುವಾಗ ಪಕ್ಕದ ಮನೆಯಿಂದ ವೈರ್ ಎಳೆದುಕೊಳ್ಳುವ ಬದಲು ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ.

ನಗರಸಭೆಯ ಕಾಗದ

ಸಿಂಧನೂರಿನವರಿಗೆ ನಗರಸಭೆ, ಲಿಂಗಸುಗೂರು, ಮಸ್ಕಿಯವರಿಗೆ ಪುರಸಭೆ. ಮನೆ ಕಟ್ಟುವ ಮುಂಚೆ ಇಲ್ಲಿಂದ ಪರವಾನಗಿ ಬೇಕೆಂದು 1964ರ ಪುರಸಭೆಗಳ ಕಾಯ್ದೆಯೇ ಹೇಳುತ್ತದೆ. ಸೈಟು ಮೊದಲು ಗದ್ದೆಯಾಗಿತ್ತೇ? ಹಾಗಾದರೆ ಕೃಷಿಯೇತರ ಆದೇಶ, ಅಂದರೆ ನಾವು ‘ಎನ್‌ಎ’ ಅನ್ನುತ್ತೇವಲ್ಲ, ಅದು ಆಗಿದೆಯೇ ನೋಡಿ. ಆಮೇಲೆ ಇ-ಖಾತೆ. ನಕ್ಷೆ ಮೂರನೆಯದು. ಪರವಾನಗಿ ಕೈಗೆ ಬಂದ ಮೇಲೆ ಅದರಲ್ಲಿ ಬರೆದ ಅವಧಿಯನ್ನೂ, ನಾಲ್ಕು ಕಡೆ ಬಿಡಬೇಕಾದ ಜಾಗವನ್ನೂ ಒಮ್ಮೆ ಓದಿ. ಮೇಸ್ತ್ರಿ, ‘ಎರಡಡಿ ಮುಂದಕ್ಕೆ ತಗೊಳ್ಳೋಣ ಅಕ್ಕಾ, ಯಾರು ನೋಡ್ತಾರೆ’ ಅನ್ನುತ್ತಾನೆ. ಅವನು ಕೆಲಸ ಮುಗಿಸಿ ಹೋಗುತ್ತಾನೆ. ನೋಡುವವರು ಬಂದಾಗ ಮನೆಯಲ್ಲಿರುವವರು ನೀವು.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಕಟ್ಟಡ ನಕ್ಷೆಯ ಪ್ರಕಾರ ಮುಗಿದಿದೆ ಎಂಬ ಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕೆಂದು ಹೇಳಿತು. ಅಲ್ಲಿಂದ ಈ ವಿಷಯ ಬಿಗಿಯಾಗಿದೆ. ಚಿಕ್ಕ ಸೈಟುಗಳಿಗೆ ರಿಯಾಯಿತಿಯ ಮಾತೂ ಬಂದಿದೆ. ನಿಮ್ಮ ಸೈಟಿಗೆ ಯಾವುದು ಅನ್ವಯ ಎಂದು ಪಾಯ ತೋಡುವ ಮುಂಚೆಯೇ ಜೆಸ್ಕಾಂ ಕಚೇರಿಯಲ್ಲಿ ಕೇಳಿಬಿಡಿ.

ಶುಲ್ಕದ ಚೀಟಿಯಲ್ಲಿ ‘ಕಾರ್ಮಿಕ ಸೆಸ್’ ಎಂಬ ಸಾಲು ಕಂಡರೂ ಸುಮ್ಮನೆ ಕಟ್ಟಬೇಡಿ. ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ, ಒಳ್ಳೆಯದೇ. ಆದರೆ ಸ್ವಂತ ವಾಸದ ಚಿಕ್ಕ ಮನೆಗೆ ವಿನಾಯಿತಿ ಇದೆ. ಹಳೆಯ ಕಾಯ್ದೆಯಲ್ಲಿ ಇದರ ಮಿತಿ 10 ಲಕ್ಷ ರೂಪಾಯಿ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು 50 ಲಕ್ಷ.

ಮಸ್ಕಿಯವರಿಗೆ ಒಂದು ಮಾತು ಹೆಚ್ಚು

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇರುವುದು ನಿಮಗೆ ಗೊತ್ತೇ ಇದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅದನ್ನು ಕಂಡರು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಚಿತವಾದದ್ದು ಅದರಿಂದಲೇ. ಮಕ್ಕಳ ಪಾಠದಲ್ಲಿ ಬರುವ ಈ ಬಂಡೆ ನಿಮ್ಮ ಮನೆಯ ನಕ್ಷೆಯಲ್ಲೂ ಬರಬಹುದು! ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಇಂಥ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಬೇಕಾದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. 2010ರಲ್ಲಿ ತಿದ್ದುಪಡಿಯಾದ ಕಾಯ್ದೆ ಇದು. ಮೀರಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹಳೆ ಮನೆ ದುರಸ್ತಿಗೂ ಅನುಮತಿ ಕೇಳಬೇಕು. ಅಲ್ಲಿ ಸೈಟು ಅಗ್ಗಕ್ಕೆ ಸಿಗುತ್ತಿದೆ ಎಂದರೆ ಮೊದಲು ದೂರ ಅಳೆಸಿ, ಆಮೇಲೆ ಮುಂಗಡ ಕೊಡಿ.

ಬಿದ್ದವನಿಗೆ ಯಾರು ಮಾಲೀಕರು?

ಈಗ ಅಕ್ಕನ ಬಾಗಿಲಿಗೆ ಮತ್ತೆ ಬರೋಣ. ನೀವೇ ಗೌಂಡಿಯನ್ನೂ ಆಳುಗಳನ್ನೂ ದಿನಗೂಲಿಗೆ ಕರೆದು ಸಂಜೆ ಪಗಾರ ಕೊಡುತ್ತಿದ್ದರೆ ಅವರ ಮಾಲೀಕರು ನೀವೇ. ಗುತ್ತಿಗೆ ಕೊಟ್ಟಿದ್ದರೆ ಮಾಲೀಕ ಗುತ್ತಿಗೆದಾರ. ಆದರೆ ಗುತ್ತಿಗೆಗೆ ಕಾಗದವಿಲ್ಲದೆ ಹೋಗಿ, ನಾಳೆ ಅವನು ‘ನಾನೂ ಅಕ್ಕಾರ ಹತ್ರ ಕೂಲಿಗೆ ಇದ್ದವನೇ’ ಎಂದುಬಿಟ್ಟರೆ? ಅಲ್ಲ ಎಂದು ತೋರಿಸಲು ನಿಮ್ಮ ಹತ್ತಿರ ಏನಿದೆ?

ಪರಿಹಾರದ ಮೊತ್ತ ಎಷ್ಟೆಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. 1923ರ ಕಾಯ್ದೆಯ ಕಾಲದಿಂದ ಬಂದ ಲೆಕ್ಕ ಇದು, ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ಕೆಲಸದಲ್ಲಿ ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರಲ್ಲಿ ತಿಂಗಳಿಗೆ 15,000 ರೂಪಾಯಿ ಮಾಡಿದರು. ಮೂವತ್ತು ವರ್ಷದ ಗೌಂಡಿಗೆ ಆ ಅಂಕಿ 207.98. ಅಂದರೆ 7,500ನ್ನು ಅದರಿಂದ ಗುಣಿಸಿ: 15,59,850 ರೂಪಾಯಿ. ತಡ ಮಾಡಿದರೆ ಶೇ. 12ರ ಬಡ್ಡಿ. ಎಷ್ಟೋ ಮನೆಗಳಿಗೆ ನಾವು ಹಾಕಿಕೊಳ್ಳುವ ಬಜೆಟ್ಟೇ ಇಷ್ಟಿರುತ್ತದೆ. ಹಾಗೆಂದು ಇದು ಹೆಚ್ಚಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೂವತ್ತರ ಗಂಡನನ್ನು ಕಳೆದುಕೊಂಡವಳಿಗೆ ಅದು ಎಷ್ಟು ವರ್ಷಕ್ಕೆ ಆದೀತು?

ಇದಕ್ಕೆಂದೇ ಕಾರ್ಮಿಕ ಪರಿಹಾರ ವಿಮೆ ಇದೆ. ಏಜೆಂಟರು ‘ವರ್ಕ್‌ಮೆನ್ ಕಾಂಪೆನ್ಸೇಶನ್’ ಅಥವಾ ‘ಡಬ್ಲ್ಯೂಸಿ ಪಾಲಿಸಿ’ ಅನ್ನುತ್ತಾರೆ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಮುಂತಾದ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕೇಳಿ. ಎಷ್ಟು ಆಳು, ಎಂಥ ಕೆಲಸ, ಎಷ್ಟು ಕೂಲಿ, ಎಷ್ಟು ತಿಂಗಳು ಎಂಬುದರ ಮೇಲೆ ಪ್ರೀಮಿಯಂ ನಿಲ್ಲುತ್ತದೆ. ಮೇಸ್ತ್ರಿಯ ಹೆಸರಿನಲ್ಲಿ ಪಾಲಿಸಿ ಇದ್ದರೆ ಅದರ ಪ್ರತಿ ತೆಗೆದುಕೊಳ್ಳಿ. ಇಲ್ಲದಿದ್ದರೆ ನೀವೇ ಮಾಡಿಸಿ, ಖರ್ಚನ್ನು ಮಾತಿನಲ್ಲೇ ಹಂಚಿಕೊಳ್ಳಿ.

ಪಾಲಿಸಿ ಕೈಗೆ ಬಂದಾಗ ಮೂರು ವಿಷಯ ನೋಡದೆ ಬೀರುವಿನಲ್ಲಿ ಇಡಬೇಡಿ. ಕೆಲಸದ ಜಾಗ ಎಂದು ನಿಮ್ಮ ಸೈಟಿನ ವಿಳಾಸ ಬರೆದಿದೆಯೇ? ಗುತ್ತಿಗೆದಾರನ ಆಳುಗಳನ್ನೂ ಸೇರಿಸಿದೆಯೇ? ಬಹಳಷ್ಟು ಪಾಲಿಸಿಗಳಲ್ಲಿ ಹೇಳಿ ಸೇರಿಸದ ಹೊರತು ಅವರು ಸೇರಿರುವುದಿಲ್ಲ. ಮತ್ತೆ ಆಸ್ಪತ್ರೆ ಖರ್ಚು. ಇದು ಹೆಚ್ಚಾಗಿ ಬೇರೆ ಪ್ರೀಮಿಯಂ ಕಟ್ಟಿ ಪಡೆಯುವಂಥದ್ದು. ಅಕ್ಕನ ಬಳೆ ಹೋದದ್ದು ಆಸ್ಪತ್ರೆ ಬಿಲ್ಲಿಗೇ ಅಲ್ಲವೇ!

‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಎಂಬ ಇನ್ನೊಂದು ಪಾಲಿಸಿ ಇದೆ. ಹೆಸರು ಕೇಳಿ ಎಲ್ಲವೂ ಅದರಲ್ಲೇ ಬಂತು ಅಂದುಕೊಳ್ಳಬೇಡಿ. ಅರ್ಧ ಕಟ್ಟಿದ ಮನೆಗೆ, ಸಾಮಾನಿಗೆ, ಪಕ್ಕದವರ ಗೋಡೆಗೆ ಆಗುವ ಹಾನಿಗೆ ಅದು. ಬಿದ್ದ ಆಳಿಗೆ ಅಲ್ಲ, ಕಳಪೆ ಕೆಲಸವನ್ನು ಸರಿಮಾಡಿಸುವುದಕ್ಕೂ ಅಲ್ಲ.

ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿರಲಿ

ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರ ಮನೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿಳಿದವನ ಹೆಸರು ಹಾಜರಿಯಲ್ಲಿ ಇರಲೇಬೇಕು. ಮನೆ ಕಟ್ಟುವಲ್ಲಿ ಮಾತ್ರ, ಇವತ್ತು ಬಂದ ನಾಲ್ವರಲ್ಲಿ ಇಬ್ಬರ ಹೆಸರು ನಮಗೆ ಗೊತ್ತಿರುವುದಿಲ್ಲ. ವಿಮೆಯವರು ಮೊದಲು ಕೇಳುವುದೇ ‘ಆ ದಿನ ಅವನು ನಿಮ್ಮ ಕೆಲಸದಲ್ಲಿದ್ದದ್ದಕ್ಕೆ ಏನು ಪುರಾವೆ?’ ಎಂದು. ಮಕ್ಕಳ ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಬೆಳಿಗ್ಗೆ ಚಹಾ ಕೊಡುವ ಹೊತ್ತಿಗೆ ತಾರೀಖು, ಹೆಸರು, ಊರು, ಕೆಲಸ, ಕೂಲಿ ಬರೆದುಬಿಡಿ. ಗಾರೆ ಹೊರುವ ಹೆಂಗಸರ ಹೆಸರನ್ನು ‘ಹೆಣ್ಣಾಳು 2’ ಎಂದು ಬರೆಯಬೇಡಿ, ಅವರಿಗೂ ಹೆಸರಿದೆ.

ಕರಾರನ್ನು ಸ್ಟಾಂಪ್ ಪೇಪರಿನ ಮೇಲೆ, ಇಬ್ಬರು ಸಾಕ್ಷಿಗಳ ಮುಂದೆ ಬರೆಸಿ. ಆಳುಗಳ ಹೊಣೆ ಗುತ್ತಿಗೆದಾರನದು, ವಿಮೆ ಯಾರು ಮಾಡಿಸಬೇಕು, ಹಣ ಯಾವ ಹಂತಕ್ಕೆ ಎಷ್ಟು, ಕೊನೆಯ ಕಂತನ್ನು ಎಷ್ಟು ತಿಂಗಳು ಹಿಡಿದಿಟ್ಟುಕೊಳ್ಳುವುದು, ಗೋಡೆ ಬಿರಿದರೆ ಯಾರು ಸರಿಮಾಡುವುದು, ಇಷ್ಟು ಇರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರಾರು ಎಂದ ಕೂಡಲೇ ಮುಖ ಸಿಂಡರಿಸುವ ಮೇಸ್ತ್ರಿ ಇದ್ದಾನಲ್ಲ, ಅವನನ್ನು ಬಾಗಿಲಲ್ಲೇ ಕಳಿಸುವುದು ಒಳ್ಳೆಯದು ಎಂಬುದು ನನ್ನ ಅನುಭವ.

ಆಳುಗಳ ಹತ್ತಿರ ಲೇಬರ್ ಕಾರ್ಡ್ ಇದೆಯೇ ಎಂದೂ ವಿಚಾರಿಸಿ. 18ರಿಂದ 60 ವರ್ಷದ ಒಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಕೇಳಿ ಬಂದರೆ ಬೇಸರಿಸದೆ ಸಹಿ ಹಾಕಿ, ನಿಮ್ಮ ಹಾಜರಿ ಪುಸ್ತಕ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಬ್ಯಾಂಕ್ ಖಾತೆ ಇದ್ದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಲು ಹೇಳಿ. 2015ರಲ್ಲಿ ವರ್ಷಕ್ಕೆ 12 ರೂಪಾಯಿ ಇದ್ದದ್ದು 2022ರ ಜೂನಿನಿಂದ 20 ಆಗಿದೆ. ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ. ಇದರಿಂದ ನಿಮ್ಮ ಹೊಣೆ ತಪ್ಪುವುದಿಲ್ಲ, ಆದರೆ ಇಪ್ಪತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ.

ನಮ್ಮ ಓಣಿಯ ಅಕ್ಕ ಈಗ ಮೇಲಿನ ಮಹಡಿ ಕಟ್ಟಿಸುತ್ತಿದ್ದಾರೆ. ಬಿದ್ದ ಹುಡುಗ ಚೇತರಿಸಿಕೊಂಡಿದ್ದಾನೆ, ಭಾರ ಎತ್ತಲು ಮಾತ್ರ ಆಗುವುದಿಲ್ಲ. ಈ ಸಲ ಪಾಲಿಸಿ ಬಂದ ಮೇಲೆಯೇ ಇಟ್ಟಿಗೆ ಮೇಲೇರಿದ್ದು. ಬೆಳಿಗ್ಗೆ ಒಂಬತ್ತಕ್ಕೆ ಚಹಾದ ಕೆಟಲು ಒಂದು ಕೈಯಲ್ಲಿ, ನೋಟ್‌ಬುಕ್ಕು ಇನ್ನೊಂದು ಕೈಯಲ್ಲಿ ಹಿಡಿದು ಹೆಸರು ಕೂಗುತ್ತಾರೆ. ಗೌಂಡಿಗಳು ‘ಅಕ್ಕಾರು ಸಾಲಿ ಟೀಚರ್ ಆಗ್ಯಾರ’ ಎಂದು ನಗುತ್ತಾರೆ. ನಗುತ್ತಲೇ ‘ಹಾಜರ್ರೀ’ ಅನ್ನುತ್ತಾರೆ.