ಇಲ್ಲದ ಕುರ್ಚಿ ಅಲುಗದಿರಲು

ಫೋನಿನ ಪರದೆಯಲ್ಲಿ ನಿಮ್ಮ ಮನೆಯ ಹಜಾರ ಕಾಣುತ್ತಿದೆ. ಆ್ಯಪ್ ಅಲ್ಲೊಂದು ಕುರ್ಚಿ ಇಟ್ಟು ತೋರಿಸುತ್ತಿದೆ. ಸುತ್ತು ಬಂದರೆ ಅದರ ಬೆನ್ನೂ ಕಾಣುತ್ತದೆ. ಕುರ್ಚಿ ಮಾತ್ರ ಇಟ್ಟಲ್ಲೇ ಇದೆ. ಆಗ್ಮೆಂಟೆಡ್ ರಿಯಾಲಿಟಿಯ ಗುಟ್ಟು ಇಲ್ಲಿದೆ: ಇಲ್ಲದ ಕುರ್ಚಿ ಅಲುಗದಿರಬೇಕಾದರೆ, ಫೋನಿಗೆ ತಾನೆಷ್ಟು ಅಲುಗಿದೆ ಎಂಬುದು ಕ್ಷಣಕ್ಷಣಕ್ಕೂ ಗೊತ್ತಿರಬೇಕು. ಜಿಪಿಎಸ್ ಇದಕ್ಕೆ ಸಾಲದು. ಅದರ ತಪ್ಪು ಮೀಟರುಗಳಷ್ಟು. ಇಲ್ಲಿ ಸೆಂಟಿಮೀಟರು ತಪ್ಪಿದರೂ ಕುರ್ಚಿ ಜಾರುತ್ತದೆ.

ಹಾಗಾಗಿ ಫೋನು ತನ್ನ ಕಣ್ಣನ್ನೇ ನಂಬುತ್ತದೆ. ಮೇಜಿನ ಮೂಲೆ, ಟೈಲ್ಸಿನ ಗೆರೆಗಳು ಕೂಡುವ ಜಾಗ, ಚಾಪೆಯ ಚಿತ್ತಾರ, ಇಂಥ ಎದ್ದುಕಾಣುವ ಬಿಂದುಗಳನ್ನು ಆರಿಸಿಕೊಂಡು, ಮುಂದಿನ ಚಿತ್ರದಲ್ಲಿ ಅವು ಎಲ್ಲಿಗೆ ಸರಿದವೆಂದು ಹುಡುಕುತ್ತದೆ. ಬಸ್ಸಿನ ಕಿಟಕಿಯಲ್ಲಿ ಮೈಲಿಗಲ್ಲು ಸರ್ರನೆ ಹಿಂದೆ ಓಡಿದರೆ ದೂರದ ಗುಡ್ಡ ನಿಧಾನವಾಗಿ ಸರಿಯುತ್ತದಲ್ಲ, ಆ ವ್ಯತ್ಯಾಸವೇ ಲೆಕ್ಕದ ಬಂಡವಾಳ.

ತೊಡಕೂ ಇದೆ. ಬಿಂದುಗಳ ದೂರ ತಿಳಿದರೆ ಕ್ಯಾಮೆರಾದ ಜಾಗ ಹೇಳಬಹುದು, ಕ್ಯಾಮೆರಾದ ಜಾಗ ತಿಳಿದರೆ ಬಿಂದುಗಳ ದೂರ ಹೇಳಬಹುದು. ಆರಂಭದಲ್ಲಿ ಎರಡೂ ತಿಳಿದಿಲ್ಲ. 2007ರಲ್ಲಿ ಆಕ್ಸ್‌ಫರ್ಡ್‌ನ ಜಾರ್ಜ್ ಕ್ಲೈನ್ ಮತ್ತು ಡೇವಿಡ್ ಮರ್ರೆ ಕೆಲಸವನ್ನು ಎರಡು ಪಾಲು ಮಾಡಿದರು. ಒಂದು ಪಾಲು ಪ್ರತಿ ಚಿತ್ರದಲ್ಲೂ ಕ್ಯಾಮೆರಾದ ಜಾಗವನ್ನು ತಟ್ಟನೆ ಹೇಳುತ್ತದೆ. ಇನ್ನೊಂದು, ಆಯ್ದ ಕೆಲವೇ ಚಿತ್ರಗಳನ್ನು ಮುಂದಿಟ್ಟುಕೊಂಡು ಕೋಣೆಯ ನಕ್ಷೆಯನ್ನು ಸಾವಕಾಶವಾಗಿ ತಿದ್ದುತ್ತದೆ. ‘ಪಿಟ್ಯಾಮ್’ ಎಂಬ ಈ ವಿಧಾನ ಸಾಮಾನ್ಯ ಕಂಪ್ಯೂಟರಿನಲ್ಲೇ ಸಾವಿರಾರು ಬಿಂದುಗಳನ್ನು ನಿಭಾಯಿಸಿತು.

ಆದರೂ ಒಂಟಿ ಕಣ್ಣಿಗೆ ಅಳತೆ ತಿಳಿಯದು. ಬೊಂಬೆಮನೆಯಲ್ಲಿ ಇಂಚಿಂಚು ಸರಿದರೂ, ನಿಜವಾದ ಮನೆಯಲ್ಲಿ ಹೆಜ್ಜೆಹೆಜ್ಜೆ ನಡೆದರೂ ಸಿಗುವ ಚಿತ್ರಗಳು ಒಂದೇ. ಪಿಟ್ಯಾಮ್ ಇದಕ್ಕೆ ಒಂದು ಅಂದಾಜು ಕಟ್ಟಿತು: ಬಳಕೆದಾರ ಮೊದಲು ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದ್ದು 10 ಸೆಂ.ಮೀ. ಎಂದೇ ಇಟ್ಟುಕೊಂಡಿತು. 2017ರಲ್ಲಿ ಬಂದ ಆ್ಯಪಲ್‌ನ ಎಆರ್‌ಕಿಟ್, ಗೂಗಲ್‌ನ ಎಆರ್‌ಕೋರ್ ತಂತ್ರಾಂಶಗಳು ಫೋನಿನೊಳಗಿನ ಚಲನೆಯ ಸಂವೇದಕಗಳನ್ನೂ ಜೊತೆಗೆ ಸೇರಿಸಿಕೊಂಡವು. ವೇಗ ಎಷ್ಟು ಬದಲಾಯಿತೆಂದು ಈ ಸಂವೇದಕಗಳು ಮೀಟರಿನ ಲೆಕ್ಕದಲ್ಲೇ ಹೇಳುತ್ತವೆ. ಅವನ್ನಷ್ಟೇ ನಂಬಿದರೆ ಸಣ್ಣ ತಪ್ಪುಗಳು ಕೂಡುತ್ತ ಕೆಲವೇ ಸೆಕೆಂಡುಗಳಲ್ಲಿ ಲೆಕ್ಕ ದಾರಿ ತಪ್ಪುತ್ತದೆ. ಅದನ್ನು ಕ್ಯಾಮೆರಾ ತಿದ್ದುತ್ತದೆ.

ಮುಂದಿನ ಸಲ ಕುರ್ಚಿ ತೇಲಾಡಿದರೆ ಫೋನನ್ನು ಬೈಯಬೇಡಿ. ದೀಪ ಹಾಕಿ. ಬೋಳು ಬಿಳಿ ಗೋಡೆಯ ಬದಲು ಚಿತ್ತಾರವಿರುವ ನೆಲ ತೋರಿಸಿ. ನಿಂತಲ್ಲೇ ತಿರುಗಿದರೆ ಹತ್ತಿರ-ದೂರದ ವ್ಯತ್ಯಾಸವೇ ಸಿಗದು. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.