ತಂಗಡಿಗೆ ನೀರೇ ಬೇಡ ಎಂದವರು ಯಾರು?

ತಂಗಡಿ ಬರ ತಾಳುವ ಗಿಡ, ನೆಟ್ಟು ಮರೆತುಬಿಡಿ ಎಂಬ ಮಾತು ಎಲ್ಲೆಲ್ಲೂ ಹರಡಿದೆ. ಅದನ್ನು ನಂಬಿ ಫೆಬ್ರುವರಿಯಲ್ಲಿ ನರ್ಸರಿಯಿಂದ ಸಸಿ ತಂದು ನೆಡುತ್ತಾರೆ. ಏಪ್ರಿಲ್‌ ಹೊತ್ತಿಗೆ ಒಣಕಡ್ಡಿ ಕಿತ್ತೆಸೆದು, ನಮ್ಮ ಮಣ್ಣಿಗೆ ಇದು ಬರುವುದಿಲ್ಲ ಎನ್ನುತ್ತಾರೆ. ಮಣ್ಣಿನ ಮೇಲೆ ಈ ಅಪವಾದ ಕೇಳಿ ಕೇಳಿ ಸಾಕಾಗಿದೆ.

ಚಿತ್ರದುರ್ಗ, ಪಾವಗಡದ ರಸ್ತೆಬದಿಯಲ್ಲಿ ಹಳದಿ ಹೂ ಹೊತ್ತು ನಿಂತಿರುವ ತಂಗಡಿಗೆ ನೀರು ಹಾಕಿದವರಾರು ಎಂದು ಕೇಳುತ್ತಾರೆ. ಮಳೆ ಹಾಕಿತು. ಮುಂಗಾರಿನಲ್ಲಿ ಮೊಳೆತ ಬೀಜಕ್ಕೆ ಹಿಂಗಾರು ಮುಗಿಯುವ ತನಕ ಹಸಿ ಸಿಗುತ್ತದೆ. ಅಷ್ಟರಲ್ಲಿ ತಾಯಿಬೇರು ಆಳಕ್ಕಿಳಿಯುತ್ತದೆ. ಇಳಿಯದವು ಮೊದಲ ಬೇಸಿಗೆಯಲ್ಲೇ ಸಾಯುತ್ತವೆ. ಸತ್ತವು ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ, ಉಳಿದವನ್ನಷ್ಟೇ ಎಣಿಸುತ್ತೇವೆ. ಇನ್ನು ಪ್ಲಾಸ್ಟಿಕ್‌ ಚೀಲದ ಸಸಿಯ ಬೇರು ಅಲ್ಲೇ ಸುತ್ತಿಕೊಂಡಿರುತ್ತದೆ. ಬರ ತಾಳುವ ಶಕ್ತಿ ಬೇರಿನ ಆಳದ್ದು. ಕುಂಡದಲ್ಲಿಟ್ಟ ತಂಗಡಿಗೆ ಆ ಆಳವೇ ಇಲ್ಲ, ಅದಕ್ಕೆ ಎಂದೆಂದೂ ನೀರು ಬೇಕು.

ಹಾಗಾಗಿ ಬೀಜವನ್ನೇ ಜೂನ್‌ನಲ್ಲಿ, ಪೂರ್ತಿ ಬಿಸಿಲು ಬೀಳುವ ಜಾಗದಲ್ಲಿ, ಇರಬೇಕಾದ ಕಡೆಯೇ ಊರಿ. ಸಿಪ್ಪೆ ಗಟ್ಟಿ, ಮರಳುಕಾಗದದಲ್ಲಿ ಉಜ್ಜಿ ರಾತ್ರಿಯಿಡೀ ನೆನೆಸಿ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ನೀರು ಕೆಳಗಿಳಿಯುವಂತೆ ನಿಧಾನವಾಗಿ ಕೊಡಿ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಗಿಡ ಬೇರೂರಿದ ಮೇಲೆ ಕೈ ತೆಗೆಯಿರಿ, ಆಗ ಅತಿನೀರೇ ಅದಕ್ಕೆ ಶತ್ರು.

ತಂಗಡಿ ಬೇಳೆಯ ಕುಟುಂಬದ್ದು, ಆದ್ದರಿಂದ ಮಣ್ಣಿಗೆ ಸಾರಜನಕ ತುಂಬುತ್ತದೆ ಎಂಬುದೂ ತಪ್ಪು. ತಂಗಡಿ ಸೇರಿರುವ ಸೆನ್ನಾ ಕುಲದ ಗಿಡಗಳ ಬೇರಿನಲ್ಲಿ ಸಾಮಾನ್ಯವಾಗಿ ಸಾರಜನಕ ಹಿಡಿಯುವ ಗಂಟುಗಳೇ ಕಟ್ಟುವುದಿಲ್ಲ. ಹೂವಿನಲ್ಲಿ ಜೇನು ತುಂಬಿದೆ ಎನ್ನುತ್ತಾರೆ. ಅದರಲ್ಲಿ ಮಕರಂದವಿಲ್ಲ, ಬಡಗಿ ದುಂಬಿಗಳು ಬರುವುದು ಪರಾಗಕ್ಕೆ. ಹೂವಿನ ಕಷಾಯ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವುದಂತೂ ಜೀವಕ್ಕೇ ಅಪಾಯ.

ಬೇರು ಎಲ್ಲಿದೆ ಎಂದು ಯೋಚಿಸದೆ ಗಿಡದ ಗುಣ ಹೇಳುವವರು, ಕೇಳಿದ್ದನ್ನು ಹಾಗೇ ಇನ್ನೊಬ್ಬರಿಗೆ ದಾಟಿಸುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ನಮ್ಮ ನೆಲದ ಗಿಡ ಎಂಬ ಅಭಿಮಾನ ಒಳ್ಳೆಯದು, ಆದರೆ ಅಭಿಮಾನದಿಂದ ಸಸಿ ಬದುಕುವುದಿಲ್ಲ. ತಂಗಡಿ ನೆಡುವವರು ಒಂದು ವರ್ಷ ನೀರು ಹೊರಲು ಸಿದ್ಧರಾಗಿ ನೆಡಿ.