ಜೀವಂತ ಪರಂಪರೆಗಳ ರಕ್ಷಣೆ: ಅಂತರರಾಷ್ಟ್ರೀಯ ಪ್ರಯತ್ನಗಳ ಒಂದು ವಿವೇಚನೆ

ಒಂದು ಪ್ರಾಚೀನ ದೇವಾಲಯವನ್ನು ಸಂರಕ್ಷಿಸುವುದೆಂದರೆ ಏನೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಸಡಿಲಗೊಂಡ ಕಲ್ಲನ್ನು ಭದ್ರಪಡಿಸುವುದು, ಗೋಡೆಯ ಮೇಲೆ ಬೆಳೆದ ಗಿಡವನ್ನು ಕೀಳುವುದು, ಶಾಸನವನ್ನು ಮಳೆಬಿಸಿಲಿನಿಂದ ಕಾಪಾಡುವುದು, ಇವೆಲ್ಲ ನಮಗೆ ಪರಿಚಿತವಾದ ಕಾರ್ಯಗಳು. ಆದರೆ ಒಂದು ಹಾಡನ್ನು ಸಂರಕ್ಷಿಸುವುದು ಹೇಗೆ? ಹಾಡುವವನು ಬಾಯಿ ಮುಚ್ಚಿದೊಡನೆ ಹಾಡು ಇಲ್ಲವಾಗುತ್ತದೆ; ಮರುದಿನ ಅವನೇ ಹಾಡಿದರೂ ಅದು ನಿನ್ನೆಯ ಹಾಡಲ್ಲ. ಸ್ಮಾರಕಗಳ ರಕ್ಷಣೆಗಾಗಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಒಡಂಬಡಿಕೆಯನ್ನು 1972ರಲ್ಲಿ ಅಂಗೀಕರಿಸಿತು. ಹಾಡು, ಆಟ, ಆಚರಣೆ, ಕುಶಲಕಲೆಗಳಿಗೆ ಅಂತಹುದೇ ಒಂದು ಒಡಂಬಡಿಕೆಯು ದೊರೆತದ್ದು 2003ರಲ್ಲಿ. ನಡುವೆ ಕಳೆದ ಮೂವತ್ತೊಂದು ವರ್ಷಗಳಲ್ಲಿ ಏನು ನಡೆಯಿತು, ಮತ್ತು ದೊರೆತ ರಕ್ಷಣೆಯ ಸ್ವರೂಪವೇನು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಈ ವಿಚಾರವು ಕಾನೂನಿನ ರೂಪವನ್ನು ತಳೆದುದು ಜಪಾನಿನಲ್ಲಿ. 1949ರ ಜನವರಿ 26ರಂದು ಹೋರ್ಯೂಜಿ ದೇವಾಲಯದ ಮುಖ್ಯ ಮಂದಿರಕ್ಕೆ ಬೆಂಕಿ ತಗುಲಿ ಅದರ ಪುರಾತನ ಭಿತ್ತಿಚಿತ್ರಗಳು ಹಾಳಾದುವು. ಈ ಆಘಾತದಿಂದ ಎಚ್ಚೆತ್ತ ಸರ್ಕಾರವು ಮರುವರ್ಷವೇ ಸಾಂಸ್ಕೃತಿಕ ಸ್ವತ್ತುಗಳ ರಕ್ಷಣಾ ಶಾಸನವನ್ನು ಜಾರಿಗೆ ತಂದಿತು. ಕಟ್ಟಡ, ಚಿತ್ರ, ಶಿಲ್ಪಗಳೊಂದಿಗೆ ಅಮೂರ್ತವಾದ ಸ್ವತ್ತುಗಳನ್ನೂ ಆ ಶಾಸನವು ಪರಿಗಣಿಸಿತು. ಮೊದಲು, ನಶಿಸುವ ಅಪಾಯದಲ್ಲಿದ್ದ ಕಲೆಗಳಿಗೆ ಮಾತ್ರ ನೆರವೆಂದು ನಿಯಮವಿದ್ದಿತು. 1954ರ ತಿದ್ದುಪಡಿಯ ತರುವಾಯ ಅಪಾಯಕ್ಕಿಂತಲೂ ಕಲೆಯ ಮೌಲ್ಯವೇ ಆಯ್ಕೆಯ ಮಾನದಂಡವಾಯಿತು. ಅದನ್ನು ಬಲ್ಲ ವ್ಯಕ್ತಿಗಳನ್ನು ಅಧಿಕೃತವಾಗಿ ಗುರುತಿಸುವ ಪದ್ಧತಿಯೂ ಬಂದಿತು. ಜನರು ಇವರನ್ನೇ ‘ಜೀವಂತ ರಾಷ್ಟ್ರೀಯ ನಿಧಿ’ಗಳೆಂದು ಕರೆಯುತ್ತಾರೆ. ಈ ತಿದ್ದುಪಡಿಯನ್ನು ವಾಚಕರು ನೆನಪಿನಲ್ಲಿಡಬೇಕು. ರಕ್ಷಣೆಯು ಅಳಿಯುವುದಕ್ಕೆ ಸಲ್ಲಬೇಕೆ, ಶ್ರೇಷ್ಠವಾದುದಕ್ಕೆ ಸಲ್ಲಬೇಕೆ ಎಂಬ ಪ್ರಶ್ನೆಯು ಅಲ್ಲಿಂದ ಮುಂದೆ ಎಲ್ಲ ಕಡೆಯೂ ಮತ್ತೆ ಮತ್ತೆ ತಲೆಯೆತ್ತಿದೆ. ದಕ್ಷಿಣ ಕೊರಿಯವು 1962ರಲ್ಲಿ ಇದೇ ದಾರಿಯನ್ನು ಹಿಡಿಯಿತು.

ಅಂತರರಾಷ್ಟ್ರೀಯ ಮಟ್ಟದಲ್ಲಿ ಮೊದಲ ಬೇಡಿಕೆಯು ಬಂದುದು ಬೇರೊಂದು ದಿಕ್ಕಿನಿಂದ. 1973ರ ಏಪ್ರಿಲ್ 24ರಂದು ಬೊಲಿವಿಯ ಸರ್ಕಾರವು ಯುನೆಸ್ಕೊಗೆ ಪತ್ರ ಬರೆದು, ಜಾನಪದ ಸಂಪತ್ತಿಗೆ ಕೃತಿಸ್ವಾಮ್ಯದ ರಕ್ಷಣೆಯನ್ನು ವಿಸ್ತರಿಸಬೇಕೆಂದು ಕೇಳಿತು. ಆಂಡಿಸ್ ಪರ್ವತಪ್ರಾಂತದ ‘ಎಲ್ ಕಾಂಡೋರ್ ಪಾಸಾ’ ಎಂಬ ಧಾಟಿಯನ್ನು 1970ರಲ್ಲಿ ಸೈಮನ್ ಮತ್ತು ಗಾರ್‌ಫಂಕೆಲ್ ಎಂಬ ಅಮೆರಿಕದ ಗಾಯಕರು ಹಾಡಿ ವಿಶ್ವಪ್ರಸಿದ್ಧಿಯನ್ನು ಗಳಿಸಿದ್ದೇ ಇದಕ್ಕೆ ಪ್ರೇರಣೆಯೆಂದು ಹೇಳುವುದುಂಟು. ಸ್ವಾರಸ್ಯವೇನೆಂದರೆ, ಆ ಧಾಟಿಯನ್ನು 1913ರಲ್ಲಿ ರಚಿಸಿದ ದಾನಿಯೆಲ್ ಅಲೊಮಿಯ ರೋಬ್ಲೆಸ್ ಬೊಲಿವಿಯದವನಲ್ಲ, ನೆರೆಯ ಪೆರು ದೇಶದವನು. ಜನಪದದ ಸೊತ್ತಿಗೆ ಒಡೆಯರಾರು ಎಂಬ ಪ್ರಶ್ನೆಯ ತೊಡಕು ಈ ಒಂದು ಉದಾಹರಣೆಯಿಂದಲೇ ವ್ಯಕ್ತವಾಗುತ್ತದೆ. ಕೃತಿಸ್ವಾಮ್ಯದ ದಾರಿಯು ಹೆಚ್ಚು ದೂರ ಸಾಗಲಿಲ್ಲ.

ತರುವಾಯ ಬಂದುದು, ‘ಸಾಂಪ್ರದಾಯಿಕ ಸಂಸ್ಕೃತಿ ಹಾಗೂ ಜಾನಪದದ ರಕ್ಷಣೆ’ಯನ್ನು ಕುರಿತ 1989ರ ಶಿಫಾರಸು. ಇದರ ಹಿನ್ನೆಲೆಯಲ್ಲಿ ನಡೆದ ತಜ್ಞರ ಸಭೆಗಳಲ್ಲಿ ಮುಖ್ಯ ಪಾತ್ರ ವಹಿಸಿದವರಲ್ಲೊಬ್ಬರು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ. ಈ ಹೆಸರು ಕನ್ನಡನಾಡಿಗೆ ಅಪರಿಚಿತವಲ್ಲ. 1990ರ ಡಿಸೆಂಬರಿನಲ್ಲಿ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೋಂಕೊ ಅವರೊಡಗೂಡಿ, ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಅಕ್ಷರಾಭ್ಯಾಸದ ಹಂಗಿಲ್ಲದೆ ಒಬ್ಬ ಗಾಯಕನ ಸ್ಮರಣೆಯಲ್ಲಿ ಅಷ್ಟು ದೀರ್ಘವಾದ ಕಾವ್ಯವು ನೆಲೆಸಿರಬಲ್ಲುದೆಂಬುದಕ್ಕೆ ಅದು ಜಗತ್ತಿನ ವಿದ್ವಾಂಸರ ಮುಂದೆ ನಿಂತ ಸಾಕ್ಷ್ಯವಾಯಿತು.

ಈ ಮಹತ್ಕಾರ್ಯದಲ್ಲಿಯೇ 1989ರ ಶಿಫಾರಸಿನ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಗುರುತಿಸು, ಸಂಗ್ರಹಿಸು, ದಾಖಲೆಶಾಲೆಗಳಲ್ಲಿ ಭದ್ರಪಡಿಸು, ಪ್ರಚುರಪಡಿಸು: ಇದು ಅದರ ಕಾರ್ಯಕ್ರಮದ ಸಾರ. ಇದು ವಿದ್ವಾಂಸರು ಮಾಡಬಲ್ಲ ಕೆಲಸ, ಮಾಡಬೇಕಾದ ಕೆಲಸವೂ ಹೌದು. ಆದರೆ ತುಳುನಾಡಿನ ಗದ್ದೆಗಳಲ್ಲಿಯೂ ಸಿರಿಜಾತ್ರೆಗಳಲ್ಲಿಯೂ ಈ ಕಥೆಯನ್ನು ಹೀಗೆ ಆದ್ಯಂತವಾಗಿ ಹಾಡುವುದಿಲ್ಲ. ಸಂದರ್ಭಕ್ಕೆ ತಕ್ಕ ಭಾಗವು ಮಾತ್ರ ಅಲ್ಲಿ ಕೇಳಿಬರುತ್ತದೆ. ನೇಜಿ ನೆಡುವ ಹೆಂಗಸರ ದನಿಯಲ್ಲಿ ಅದು ಶ್ರಮದ ಹಾಡು. ಜಾತ್ರೆಯಲ್ಲಿ ಮೈಮೇಲೆ ಬರುವ ಸಿರಿಯ ನುಡಿ. ನೆಡುವ ಕೈಗಳ ಬದಲು ಯಂತ್ರವು ಗದ್ದೆಗಿಳಿದರೆ, ಗ್ರಂಥಾಲಯದಲ್ಲಿ 15,683 ಸಾಲುಗಳು ಸುಭದ್ರವಾಗಿದ್ದರೂ ಗದ್ದೆಯ ಹಾಡು ನಿಂತೇ ಹೋಗುತ್ತದೆ. ಆ ಗ್ರಂಥದ ಬೆಲೆಯನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಗ್ರಂಥವು ಇತಿಹಾಸಕಾರನಿಗೆ ಆಕರ. ಹಾಡುವವಳಿಗೆ ಅದರಿಂದ ದೊರೆಯುವುದು ಅಲ್ಪ.

ಇದೇ ಆಕ್ಷೇಪವನ್ನು 1999ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಮ್ಮೇಳನವು ಸ್ಪಷ್ಟವಾಗಿ ಮುಂದಿಟ್ಟಿತು: ಶಿಫಾರಸು ಸಂಶೋಧಕರನ್ನು ನೋಡುತ್ತದೆ, ಪರಂಪರೆಯನ್ನು ಬಾಳುತ್ತಿರುವವರನ್ನು ನೋಡುವುದಿಲ್ಲ ಎಂದು. ಅದಕ್ಕೂ ಮುನ್ನ, ಮೊರಾಕೊ ದೇಶದ ಮರ್ರಾಕೆಶ್ ನಗರದ ಜೆಮಾ ಎಲ್ ಫ್ನಾ ಎಂಬ ಬಯಲಿನ ಪ್ರಶ್ನೆಯು ಎದ್ದಿತ್ತು. ಕಥೆಗಾರರೂ ಗಾಯಕರೂ ಗಾರುಡಿಗರೂ ಸಂಜೆಯಾಗುತ್ತಲೇ ನೆರೆಯುವ ಆ ಬಯಲಿನ ಪರವಾಗಿ, ಅಲ್ಲಿಯೇ ನೆಲಸಿದ್ದ ಸ್ಪೇನಿನ ಸಾಹಿತಿ ಹ್ವಾನ್ ಗೊಯ್ತಿಸೊಲೊ ದನಿಯೆತ್ತಿದನು. 1997ರಲ್ಲಿ ಅದೇ ನಗರದಲ್ಲಿ ಯುನೆಸ್ಕೊ ಕರೆದ ಸಭೆಯಿಂದ ‘ಮೇರುಕೃತಿ’ಗಳನ್ನು ಘೋಷಿಸುವ ಯೋಜನೆಯು ರೂಪುಗೊಂಡಿತು. 2001, 2003, 2005ರಲ್ಲಿ ಕ್ರಮವಾಗಿ 19, 28, 43 ಪರಂಪರೆಗಳು ಘೋಷಿತವಾದುವು. ಆಗ ಮಹಾನಿರ್ದೇಶಕರಾಗಿದ್ದವರು ಜಪಾನಿನ ಕೊಯಿಚಿರೊ ಮಾತ್ಸುರಾ ಎಂಬುದು ಕಾಕತಾಳೀಯವೇನೂ ಅಲ್ಲ.

2003ರ ಅಕ್ಟೋಬರ್ 17ರಂದು ಅಂಗೀಕೃತವಾದ ಒಡಂಬಡಿಕೆಯು 2006ರ ಏಪ್ರಿಲ್ 20ರಿಂದ ಜಾರಿಗೆ ಬಂದಿತು. ಭಾರತವು 2005ರಲ್ಲಿಯೇ ಅದಕ್ಕೆ ಸಮ್ಮತಿಯಿತ್ತಿತ್ತು. ಅದರ ವ್ಯಾಖ್ಯೆಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಯಾವುದು ಪರಂಪರೆ ಎಂಬುದನ್ನು ಆಯಾ ಸಮುದಾಯವೇ ಗುರುತಿಸತಕ್ಕದ್ದು. ಎರಡನೆಯದು, ಪರಂಪರೆಯು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತ ನಿರಂತರವಾಗಿ ಮರುಸೃಷ್ಟಿಗೊಳ್ಳುವಂಥದು. ಆದ್ದರಿಂದಲೇ ‘ಮೇರುಕೃತಿ’ ಎಂಬ ಮಾತನ್ನು ಕೈಬಿಡಲಾಯಿತು. ಸ್ಮಾರಕಗಳ ವಿಷಯದಲ್ಲಿ ಅಷ್ಟು ಮುಖ್ಯವಾದ ‘ಮೂಲಶುದ್ಧತೆ’ಯ ಮಾನದಂಡವೂ ಇಲ್ಲಿ ಇಲ್ಲ. ಹಿಂದೆ ಘೋಷಿತವಾಗಿದ್ದ ತೊಂಬತ್ತು ಪರಂಪರೆಗಳು 2008ರಲ್ಲಿ ‘ಪ್ರಾತಿನಿಧಿಕ ಪಟ್ಟಿ’ಗೆ ಸೇರಿದುವು. ಅಳಿವಿನಂಚಿನಲ್ಲಿರುವವಕ್ಕೆ ತುರ್ತುರಕ್ಷಣೆಯ ಪಟ್ಟಿ ಬೇರೆಯೇ ಇದೆ.

ತತ್ತ್ವವು ಹೀಗಾದರೆ ಆಚರಣೆಯು ಹೇಗೆ? ಕೇರಳದ ಕೂಡಿಯಾಟ್ಟಂ ಇದಕ್ಕೆ ಉತ್ತಮ ನಿದರ್ಶನ. ಸಂಸ್ಕೃತ ನಾಟಕಗಳನ್ನು ದೇವಾಲಯದ ಕೂತ್ತಂಬಲದಲ್ಲಿ ಆಡುವ ಈ ಕಲೆಯಲ್ಲಿ ಚಾಕ್ಯಾರರದು ಪುರುಷಪಾತ್ರ, ನಂಗ್ಯಾರರದು ಸ್ತ್ರೀಪಾತ್ರ, ನಂಬಿಯಾರರದು ಮಿಳಾವು ಎಂಬ ವಾದ್ಯ. ಒಂದೇ ಅಂಕವನ್ನು ಹಲವು ರಾತ್ರಿಗಳ ಪರ್ಯಂತ ವಿಸ್ತರಿಸಿ ಆಡುವುದು ರೂಢಿ. ಕಲೆಗೆ ಆಧಾರವಾಗಿದ್ದುದು ದೇವಾಲಯದ ಭೂಮಿ; ಭೂಸುಧಾರಣೆಯಿಂದ ಆ ಆದಾಯವು ಕ್ಷೀಣಿಸಿತು. ನ್ಯಾಯಸಮ್ಮತವಾದ ಒಂದು ಶಾಸನವು ಪ್ರಾಚೀನವಾದ ಒಂದು ಕಲೆಯ ಬುಡವನ್ನು ಅಲುಗಿಸಬಹುದೆಂಬುದನ್ನು ಇತಿಹಾಸಕಾರರಾದ ನಾವು ಸಂಕೋಚವಿಲ್ಲದೆ ಒಪ್ಪಬೇಕಾಗುತ್ತದೆ.

ಯುನೆಸ್ಕೊದ ಮನ್ನಣೆಯು 2001ರಲ್ಲಿ ಬರುವುದಕ್ಕೆ ಬಹುಕಾಲ ಮೊದಲೇ ಕಲಾವಿದರು ತಾವಾಗಿ ಹೊರಟಿದ್ದರು. ಪೈಂಕುಳಂ ರಾಮ ಚಾಕ್ಯಾರರು 1949ರಲ್ಲಿ ದೇವಾಲಯದ ಹೊರಗೆ ಕೂತ್ತನ್ನು ನಡೆಸಿದರು. ಮಾಣಿ ಮಾಧವ ಚಾಕ್ಯಾರರು 1962ರಲ್ಲಿ ಮದರಾಸಿನಲ್ಲಿ ಆಡಿದರು. 1965ರಲ್ಲಿ ಕೇರಳ ಕಲಾಮಂಡಲವು ಕೂಡಿಯಾಟ್ಟಂ ಶಿಕ್ಷಣವನ್ನು ಆರಂಭಿಸಿ, ಕುಲದ ಹೊರಗಿನವರಿಗೂ ಬಾಗಿಲು ತೆರೆಯಿತು. ಹೊಸ ಸಭಿಕರಿಗಾಗಿ ಆಟದ ಅವಧಿಯನ್ನು ಇಳಿಸಲಾಯಿತು. ಇದು ರಕ್ಷಣೆಯೋ, ವಿಕಾರವೋ? ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಸುತ್ತ ನಡೆದ ವಾಗ್ವಾದವನ್ನು ಬಲ್ಲ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಅಭಿಪ್ರಾಯದಲ್ಲಿ, ಆ ಬಾಗಿಲು ತೆರೆಯದಿದ್ದಲ್ಲಿ 2001ರಲ್ಲಿ ಘೋಷಿಸುವುದಕ್ಕೆ ಉಳಿಯುತ್ತಿದ್ದುದು ಬಹಳ ಕಡಿಮೆ. ಮನ್ನಣೆಯ ಬಳಿಕ ಹಣವೂ ಪ್ರಯಾಣವೂ ಒದಗಿದುವು. 2007ರಲ್ಲಿ ಸಂಗೀತ ನಾಟಕ ಅಕಾಡೆಮಿಯು ತಿರುವನಂತಪುರದಲ್ಲಿ ಕೂಡಿಯಾಟ್ಟಂ ಕೇಂದ್ರವನ್ನು ಸ್ಥಾಪಿಸಿತು. ದೇವಾಲಯದ ಭೂಮಿಯು ಹಿಂದೆ ಮಾಡುತ್ತಿದ್ದ ಕೆಲಸವನ್ನು ಈಗ ಸರ್ಕಾರದ ಅನುದಾನವು ಮಾಡಬೇಕಾಗಿದೆ. ಆಶ್ರಯದಾತನು ಬದಲಾದನು, ಆಶ್ರಯದ ಅಗತ್ಯವು ತಪ್ಪಲಿಲ್ಲ.

ಪಟ್ಟಿಯನ್ನು ಕುರಿತು ಒಂದೆರಡು ಮಾತು. ಸಮುದಾಯವೇ ಪರಂಪರೆಯನ್ನು ಗುರುತಿಸತಕ್ಕದ್ದೆಂದಿದ್ದರೂ, ಯುನೆಸ್ಕೊಗೆ ಅರ್ಜಿ ಸಲ್ಲಿಸುವುದು ಸರ್ಕಾರ. ಪ್ರಾತಿನಿಧಿಕ ಪಟ್ಟಿಯು ಕೀರ್ತಿಯ ಪಟ್ಟಿಯಾಗಿ ಬೆಳೆದು, ತುರ್ತುರಕ್ಷಣೆಯ ಪಟ್ಟಿಗಿಂತ ಹಲವು ಪಾಲು ದೊಡ್ಡದಾಗಿರುವುದಕ್ಕೆ ಇದೂ ಒಂದು ಕಾರಣ. ತನ್ನ ಕಲೆ ಸಾಯುತ್ತಿದೆಯೆಂದು ಒಪ್ಪಿಕೊಳ್ಳಲು ಯಾವ ಸರ್ಕಾರಕ್ಕೂ ಆತುರವಿರುವುದಿಲ್ಲ. ಪಟ್ಟಿಯಲ್ಲಿ ಸೇರಿದ್ದು ಶಾಶ್ವತವೂ ಅಲ್ಲ. ಬೆಲ್ಜಿಯಮ್ಮಿನ ಆಲ್ಸ್ಟ್ ನಗರದ ಉತ್ಸವವು 2010ರಲ್ಲಿ ಸೇರಿತ್ತು. ಅದರ ಮೆರವಣಿಗೆಯಲ್ಲಿ ಯೆಹೂದ್ಯರನ್ನು ಹೀನಾಯವಾಗಿ ಚಿತ್ರಿಸಿದ ಕಾರಣ 2019ರಲ್ಲಿ ಅದನ್ನು ಪಟ್ಟಿಯಿಂದ ತೆಗೆಯಲಾಯಿತು. ಮಾನವ ಹಕ್ಕುಗಳಿಗೆ ಹೊಂದದ ಪರಂಪರೆಯು ಒಡಂಬಡಿಕೆಯ ವ್ಯಾಪ್ತಿಗೆ ಬಾರದು.

ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದ ಭಾಗವೆಂದರೆ, ಪ್ರತಿ ರಾಷ್ಟ್ರವೂ ತನ್ನ ನೆಲದ ಪರಂಪರೆಗಳ ವಿವರಪಟ್ಟಿಯನ್ನು ಸಿದ್ಧಪಡಿಸಿ ಕಾಲಕಾಲಕ್ಕೆ ತಿದ್ದುತ್ತಿರಬೇಕೆಂಬ ಹನ್ನೆರಡನೆಯ ವಿಧಿ. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಹಾಡನ್ನೋ ಮೇಳವನ್ನೋ ಕುರಿತು ಪ್ರಬಂಧ ಬರೆಯುವಾಗ ಸಾಮಾನ್ಯವಾಗಿ ಪಾಠವನ್ನು ಬರೆದುಕೊಂಡು ಹಿಂದಿರುಗುತ್ತಾರೆ. ಹಾಡಿದವರು ಯಾರಿಂದ ಕಲಿತರು, ಈಗ ಅವರಿಂದ ಕಲಿಯುತ್ತಿರುವವರು ಯಾರು, ವರ್ಷದಲ್ಲಿ ಎಷ್ಟು ಬಾರಿ ಹಾಡುತ್ತಾರೆ, ಅದರಿಂದ ಜೀವನ ನಡೆಯುತ್ತದೆಯೆ, ತಮ್ಮ ಹಾಡು ದಾಖಲಾಗುವುದಕ್ಕೆ ಅವರ ಸಮ್ಮತಿಯಿದೆಯೆ ಎಂಬ ಪ್ರಶ್ನೆಗಳಿಗೆ ಉತ್ತರವೂ ಅದೇ ಟಿಪ್ಪಣಿ ಪುಸ್ತಕದಲ್ಲಿ ಇರತಕ್ಕದ್ದು.